ಒದ್ದೆ ಮರಳಲ್ಲಿ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತೆ. ನಾಣ್ಯ ಸಿಗುತ್ತೆ, ಉಂಗುರ ಮಾತ್ರ ಒಂದೂ ಇಲ್ಲ

ತಾಮ್ರದಕಾಸು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ವಿಎಲ್‌ಎಫ್ (ತೀರಾ ಕಡಿಮೆ ಫ್ರೀಕ್ವೆನ್ಸಿಯ) ಮೆಟಲ್ ಡಿಟೆಕ್ಟರ್, ಅಂದರೆ ನೆಲದೊಳಗಿನ ಲೋಹ ಹುಡುಕೋ ಯಂತ್ರ. ಒಂದೇ ಫ್ರೀಕ್ವೆನ್ಸಿ, 13 ಕಿಲೋಹರ್ಟ್ಸ್ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಕೋಲಿನ ತುದಿಯಲ್ಲಿ ನೆಲದ ಮೇಲೆ ಬೀಸೋ ಕಾಯಿಲ್ 11 ಇಂಚಿನ ಡಿಡಿ (ಒಳಗೆ D ಆಕಾರದ ಎರಡು ತಂತಿ ಸುರುಳಿ ಇರೋದು). ಸಿಕ್ಕಿದ ಲೋಹಕ್ಕೆ ತಕ್ಕ ಹಾಗೆ ಪರದೆ ಮೇಲೆ 0ಯಿಂದ 99ರವರೆಗೆ ನಂಬರ್ ತೋರಿಸುತ್ತೆ.

ಹುಲ್ಲಿನ ಮೈದಾನದಲ್ಲಿ ತಕರಾರೇ ಇಲ್ಲ, ಹೆಚ್ಚುಕಡಿಮೆ ಒಂದು ಗೇಣು ಆಳದಿಂದಲೂ ನಾಣ್ಯ ತೆಗೆದಿದ್ದೀನಿ. ರಗಳೆ ಶುರುವಾಗೋದು ಸಮುದ್ರದ ದಂಡೆಯಲ್ಲಿ. ಒಣ ಮರಳು ಪರವಾಗಿಲ್ಲ. ಅಲೆ ಬಂದು ಹೋಗೋ ಕಡೆ ಕಾಲಿಟ್ಟರೆ ಸಾಕು, 20ರಿಂದ 40ರ ಮಧ್ಯೆ ನಂಬರ್ ಕುಣಿಯುತ್ತೆ, ಬೀಪ್ ನಿಲ್ಲೋದೇ ಇಲ್ಲ. ತೋಡಿದ್ರೆ ಬರೀ ಮರಳು.

ಡಿಸ್ಕ್ರಿಮಿನೇಷನ್ (ಇಟ್ಟ ನಂಬರ್‌ಗಿಂತ ಕೆಳಗಿನದಕ್ಕೆ ಯಂತ್ರ ಕೂಗದ ಹಾಗೆ ಮಾಡೋ ಸೆಟ್ಟಿಂಗ್) ಅನ್ನು 40ಕ್ಕೆ ಏರಿಸಿದ ಮೇಲೆ ಎಲ್ಲಾ ಶಾಂತ ಆಯ್ತು. ಆವಾಗಿಂದ ಹಾಗೇ ಬಿಟ್ಟಿದ್ದೀನಿ, ನಾಣ್ಯ ಚೆನ್ನಾಗೇ ಸಿಗ್ತಿವೆ. ಆದರೆ ಇಷ್ಟು ತಿರುಗಾಡಿದ್ರೂ ಒಂದು ಚಿನ್ನದ ಉಂಗುರ ಸಿಕ್ಕಿಲ್ಲ. ಈಗ ಗೆಳೆಯನ ಹೆಂಡತಿಯ ಮದುವೆ ಉಂಗುರ ಅದೇ ದಂಡೆಯಲ್ಲಿ ಕಳೆದಿದೆ, 18 ಕ್ಯಾರೆಟ್, ತೆಳ್ಳನೆಯ ಪಟ್ಟಿ. ಅವರು ಕೂತಿದ್ದ ಜಾಗವನ್ನೆಲ್ಲ ಗುಡಿಸಿದ ಹಾಗೆ ನೋಡಿ ಬಂದೆ, ಏನೂ ಇಲ್ಲ.

ಇನ್ನೊಂದು ಕಾಟ ಇದೆ: ಒಣ ನೆಲದಲ್ಲೂ ಕಾಯಿಲ್ ಬೀಸಿದಾಗ ತುದಿಗೆ ಬರುವ ಹೊತ್ತಿಗೆ ಒಮ್ಮೊಮ್ಮೆ ಚುಟುಕಾಗಿ ‘ಚಿಕ್’ ಅನ್ನುತ್ತೆ. ಕಾಯಿಲ್ ಕೆಟ್ಟಿದೆಯಾ? ಹೊಸದು ತಗೊಳ್ಳಲಾ, ಇಲ್ಲ ಯಂತ್ರವನ್ನೇ ಬದಲಾಯಿಸಲಾ?

ಸುರುಳಿತಂತಿ:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಹೇಳ್ತಿರೋದು ಒಂದು ರೋಗ ಅಲ್ಲ, ಎರಡೋ ಮೂರೋ ಒಟ್ಟಿಗೆ ಸೇರಿಕೊಂಡಿವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಡಿಸ್ಕ್ರಿಮಿನೇಷನ್ ಸೊನ್ನೆಗೆ ಇಳಿಸಿ. ಪರೀಕ್ಷೆ ಮಾಡುವಾಗ ಯಂತ್ರ ಎಲ್ಲವನ್ನೂ ಹೇಳಬೇಕು, ಯಾವುದನ್ನೂ ಬಚ್ಚಿಡಬಾರದು. ಫೋನ್ ಆಫ್ ಮಾಡಿ, ಇಲ್ಲವೇ ದೂರ ಇಡಿ. ಬಯಲಲ್ಲಿ ನಿಂತು ಕಾಯಿಲ್ ಅನ್ನು ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಿ ಅಲುಗಾಡಿಸದೆ ಹಿಡಿಯಿರಿ. ಆಗಲೂ ಕೂಗಿದರೆ ಅದು ಹೊರಗಿನ ವಿದ್ಯುತ್ ಗದ್ದಲ. ಕರೆಂಟ್ ತಂತಿ, ಟ್ರಾನ್ಸ್‌ಫಾರ್ಮರ್, ಎಲ್‌ಇಡಿ ದೀಪ, ಇನ್ವರ್ಟರ್, ಪಕ್ಕದಲ್ಲೇ ಇನ್ನೊಬ್ಬರ ಡಿಟೆಕ್ಟರ್, ಇವುಗಳಲ್ಲಿ ಯಾವುದೂ ಆಗಬಹುದು. ನಿಂತಲ್ಲೇ ಮೈ ತಿರುಗಿಸಿ ಕಾಯಿಲ್‌ನ ದಿಕ್ಕು ಬದಲಿಸಿದಾಗ ಗದ್ದಲ ಏರಿಳಿದರೆ ಅನುಮಾನವೇ ಬೇಡ.

ಸುಮ್ಮನಿದ್ದರೆ ಅದೇ ಎತ್ತರದಲ್ಲಿ ಗಾಳಿಯಲ್ಲೇ ಬೀಸಿ ನೋಡಿ. ನೆಲ ಇಲ್ಲ, ಲೋಹ ಇಲ್ಲ, ಆದರೂ ಬೀಸಿದಾಗ ಮಾತ್ರ ಕೂಗಿದರೆ ತೊಂದರೆ ಕಾಯಿಲ್‌ನಲ್ಲಿ, ಕೇಬಲ್‌ನಲ್ಲಿ ಅಥವಾ ಕನೆಕ್ಟರ್‌ನಲ್ಲಿ. ಕೇಬಲ್ ಅನ್ನು ಕಾಯಿಲ್‌ಗೆ ಸೇರುವ ಕಡೆ ಬೆರಳಿಂದ ಮೆಲ್ಲಗೆ ಅಲ್ಲಾಡಿಸಿ, ಕನೆಕ್ಟರ್ ತಟ್ಟಿ ನೋಡಿ.

ಗಾಳಿಯಲ್ಲೂ ಸುಮ್ಮನಿದ್ದು, ನೆಲದ ಮೇಲೆ ಬೀಸಿದಾಗ ಮಾತ್ರ ಕೂಗಿದರೆ ಅದು ನೆಲದ ಮಾತು. ಅದಕ್ಕೆ ಬೇರೆ ಮದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯ್ತು ಅಂತ ಬರೆಯಿರಿ.

ಉಪ್ಪುನೀರು:

ಕಾಯಿಲ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿದ್ದೀರಾ? ಸೆಕೆಂಡ್ ಹ್ಯಾಂಡ್ ಅಂದ್ರಿ, ಅದಕ್ಕೇ ಕೇಳಿದೆ. ಒಳಗೆ ಕಪ್ಪು ಮರಳು ಕೂತಿರುತ್ತೆ. ಅದರಲ್ಲಿ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ ಇರುತ್ತೆ, ನೀವು ಬೀಸಿದಾಗ ಅದು ಕವರ್‌ನೊಳಗೆ ಜರುಗುತ್ತೆ, ಯಂತ್ರ ಅದನ್ನೇ ಗುರಿ ಅಂದ್ಕೊಳ್ಳುತ್ತೆ. ಉಪ್ಪುನೀರು ನಿಂತಿದ್ದರೂ ಅದೇ ಕಥೆ.

ಬೂಟಿನ ಮೂತಿಯಲ್ಲಿ ಸ್ಟೀಲ್ ಇದ್ರೆ ಅದನ್ನೂ ಬದಲಾಯಿಸಿ. ಕೈಗುದ್ದಲಿ ಸೊಂಟಕ್ಕೆ ಸಿಗಿಸಿಕೊಂಡಿದ್ರೆ ಹಿಂದಕ್ಕೆ ಸರಿಸಿ.

ತಾಮ್ರದಕಾಸು:

ಇಬ್ಬರಿಗೂ ಥ್ಯಾಂಕ್ಸ್. ಮೊದಲು ಮನೆಯೊಳಗೆ ಪರೀಕ್ಷೆ ಮಾಡೋಕೆ ಹೋದೆ, ಮಂಚದ ಮೇಲಿಟ್ಟರೂ ನೆಲದ ಮೇಲಿಟ್ಟರೂ ಒಂದೇ ಕಿರುಚಾಟ. ಹೊರಗೆ ಬಯಲಲ್ಲಿ ಮಾಡಿದಾಗ ಕಾಯಿಲ್ ಎತ್ತಿ ಹಿಡಿದರೆ ಪೂರ್ತಿ ಮೌನ. ಗಾಳಿಯಲ್ಲಿ ಜೋರಾಗಿ ಬೀಸಿದರೆ ತುದಿಯಲ್ಲಿ ಆ ‘ಚಿಕ್’ ಬಂತು. ನೋಡಿದರೆ ಕೋಲಿಗೆ ಸುತ್ತಿದ್ದ ಕೇಬಲ್‌ನ ಕೊನೆಯ ಸುತ್ತು ಸಡಿಲವಾಗಿ ಕಾಯಿಲ್ ಮೇಲೆ ಜೋಲಾಡ್ತಿತ್ತು. ಬಿಗಿಯಾಗಿ ಸುತ್ತಿ ವೆಲ್ಕ್ರೋ ಪಟ್ಟಿ ಹಾಕಿದೆ, ‘ಚಿಕ್’ ಮಾಯ.

ಕವರ್ ತೆಗೆದೆ. ಉಪ್ಪುನೀರು ಅವರು ಹೇಳಿದ ಹಾಗೇ ಒಳಗೆ ಕಪ್ಪು ಮರಳು ಪದರಗಟ್ಟಿತ್ತು. ಸಿಹಿನೀರಲ್ಲಿ ತೊಳೆದು ಒಣಗಿಸಿ ಹಾಕಿದೆ.

ಆದರೆ ಒದ್ದೆ ಮರಳಲ್ಲಿ ಗದ್ದಲ ಹಾಗೇ ಇದೆ. ಮೊದಲಿಗಿಂತ ಸ್ವಲ್ಪ ಕಡಿಮೆ ಅನ್ನಬಹುದು ಅಷ್ಟೆ. ಡಿಸ್ಕ್ರಿಮಿನೇಷನ್ ಸೊನ್ನೆಗೆ ಇಳಿಸಿದರೆ ಕಿವಿ ಕೊಡೋಕೆ ಆಗಲ್ಲ.

ಕಿವಿಗೊಟ್ಟವ:

ಮಂಚದ ಮೇಲಿನ ಪರೀಕ್ಷೆ ಓದಿ ನಗು ಬಂತು, ಯಾಕಂದ್ರೆ ನೀವು ದೊಡ್ಡವರ ಸಾಲಿಗೆ ಸೇರಿದಿರಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದೊಳಗೆ ಗುಂಡು ಎಲ್ಲಿದೆ ಅಂತ ಹುಡುಕೋಕೆ ಟೆಲಿಫೋನಿನ ಗ್ರಹಾಂ ಬೆಲ್ ಒಂದು ಇಂಡಕ್ಷನ್ ಬ್ಯಾಲೆನ್ಸ್ ಸಿದ್ಧಪಡಿಸಿ ತಂದ. ನಮ್ಮ ಡಿಟೆಕ್ಟರ್‌ಗಳ ಮುತ್ತಾತ ಅದು. ಗುಂಡು ಸಿಗಲಿಲ್ಲ. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗ್ ಇತ್ತು. ಅದೂ ಅಲ್ಲದೆ ವೈದ್ಯರು ಗುಂಡು ಬಲಗಡೆಯೇ ಇದೆ ಅಂತ ಹಟ ಹಿಡಿದು ಆ ಪಕ್ಕ ಮಾತ್ರ ನೋಡೋಕೆ ಬಿಟ್ಟಿದ್ದರು, ಅದು ಇದ್ದದ್ದು ಇನ್ನೊಂದು ಕಡೆ.

ಮನೆಯ ನೆಲದಲ್ಲಿ ಕಬ್ಬಿಣದ ಸರಳು, ಮಂಚದಲ್ಲಿ ಮೊಳೆ, ಗೋಡೆಯಲ್ಲಿ ವೈರಿಂಗ್. ಮನೆಯೊಳಗಿನ ಪರೀಕ್ಷೆಯನ್ನು ಲೆಕ್ಕಕ್ಕೇ ತಗೋಬೇಡಿ.

ಸುರುಳಿತಂತಿ:

ಕೇಬಲ್ ಮುಗೀತು, ಕವರ್ ಮುಗೀತು. ಉಳಿದಿರೋದೇ ಅಸಲು ವಿಷಯ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಿಮ್ಮ ಯಂತ್ರ ಕಾಯಿಲ್‌ನಿಂದ ಅಯಸ್ಕಾಂತ ಕ್ಷೇತ್ರವನ್ನು ಕಳಿಸುತ್ತೆ. ಅದು ಲೋಹಕ್ಕೆ ತಾಗಿದಾಗ ಲೋಹದೊಳಗೆ ಎಡ್ಡಿ ಕರೆಂಟ್ (ಸುಳಿಯ ಹಾಗೆ ಸುತ್ತುವ ಕರೆಂಟ್) ಹುಟ್ಟುತ್ತೆ, ಆ ಕರೆಂಟ್ ತನ್ನದೇ ಕ್ಷೇತ್ರವನ್ನು ತಿರುಗಿ ಕಳಿಸುತ್ತೆ. ಹೋದ ಅಲೆಗೂ ಬಂದ ಅಲೆಗೂ ಮಧ್ಯೆ ಎಷ್ಟು ಹಿಂದುಮುಂದಾಗಿದೆ ಅನ್ನೋದನ್ನು ಅಳೆದು ಪರದೆ ಮೇಲೆ ನಂಬರ್ ಹಾಕುತ್ತೆ. ದಪ್ಪನೆಯ ಬೆಳ್ಳಿ ನಾಣ್ಯ, ತಾಮ್ರದ ನಾಣ್ಯ ಇವುಗಳಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತೆ, ಬೇಗ ಸಾಯೋದಿಲ್ಲ, ಅದಕ್ಕೇ ನಂಬರ್ ಮೇಲಿರುತ್ತೆ. ತೆಳ್ಳನೆಯ ಫಾಯಿಲ್ ಚೂರಿನಲ್ಲಿ ಬೇಗ ಸಾಯುತ್ತೆ, ನಂಬರ್ ಕೆಳಗೆ.

ಉಪ್ಪುನೀರೂ ಕರೆಂಟ್ ಹರಿಸುತ್ತೆ. ತಾಮ್ರಕ್ಕೆ ಹೋಲಿಸಿದರೆ ಅದರ ವಾಹಕತೆ ಸುಮಾರು ಕೋಟಿ ಪಟ್ಟು ಕಡಿಮೆ. ಆದರೆ ನಾಣ್ಯ ಇರೋದು ಒಂದು, ಒದ್ದೆ ಮರಳು ಇರೋದು ಕಾಯಿಲ್ ಕೆಳಗೆ ಪೂರ್ತಿ. ಹಾಗಾಗಿ ಸಿಗ್ನಲ್ ದೊಡ್ಡದಾಗಿಯೇ ಬರುತ್ತೆ, ಬರೋದು ಕೆಟ್ಟ ವಾಹಕಗಳ ಜಾಗದಲ್ಲಿ, ಅಂದರೆ ಫಾಯಿಲ್‌ನ ಪಕ್ಕದಲ್ಲಿ. ನಿಮ್ಮ 20–40 ಅದೇ.

ಈಗ ಚಿನ್ನ. ಶುದ್ಧ ಚಿನ್ನ ಒಳ್ಳೆಯ ವಾಹಕ, ಬೆಳ್ಳಿ ತಾಮ್ರದ ನಂತರದ ಸ್ಥಾನ ಅದರದ್ದೇ. ಆದರೆ ಉಂಗುರದಲ್ಲಿರೋದು ಶುದ್ಧ ಚಿನ್ನ ಅಲ್ಲ. 18 ಕ್ಯಾರೆಟ್ ಅಂದರೆ ನೂರಕ್ಕೆ 75 ಭಾಗ ಚಿನ್ನ, ಮಿಕ್ಕಿದ್ದು ಬೆಳ್ಳಿಯೋ ತಾಮ್ರವೋ ಮತ್ತೊಂದೋ. ಮೂರೂ ಬೇರೆ ಬೇರೆಯಾಗಿ ಒಳ್ಳೆಯ ವಾಹಕಗಳೇ, ಬೆರೆಸಿದ ಕೂಡಲೇ ವಾಹಕತೆ ಕುಸಿಯುತ್ತೆ. ಮಿಶ್ರಲೋಹಗಳ ಗುಣವೇ ಅದು. ಅದರ ಮೇಲೆ ಪಟ್ಟಿ ತೆಳ್ಳಗೆ. ಅಂಥ ಉಂಗುರ ಫಾಯಿಲ್‌ಗಿಂತ ಚೂರು ಮೇಲೆ, ಒಮ್ಮೊಮ್ಮೆ ಫಾಯಿಲ್ ಜೊತೆಗೇ ಕೂರುತ್ತೆ. ಗಂಡಸರ ದಪ್ಪನೆಯ ಉಂಗುರ ಪಾನೀಯದ ಡಬ್ಬಿಯ ಪುಲ್-ಟ್ಯಾಬ್ (ಎಳೆದು ತೆರೆಯುವ ಕಿವಿ) ಹತ್ತಿರ ಬರುತ್ತೆ.

ಅಂದರೆ ಉಪ್ಪು ಎಲ್ಲಿ ಕೂಗುತ್ತೋ ಹೆಣ್ಣುಮಕ್ಕಳ ತೆಳು ಉಂಗುರವೂ ಅಲ್ಲೇ ಮಾತಾಡುತ್ತೆ. ನೀವು ಡಿಸ್ಕ್ರಿಮಿನೇಷನ್ 40ಕ್ಕೆ ಏರಿಸಿದಾಗ ಎರಡರ ಬಾಯನ್ನೂ ಮುಚ್ಚಿದಿರಿ. ನಾಣ್ಯಗಳು ಮೇಲಿರೋದರಿಂದ ಅವು ಬರ್ತಾ ಇದ್ದವು, ಯಂತ್ರ ಸರಿಯಾಗಿದೆ ಅನ್ನಿಸಿತು. ಗದ್ದಲಕ್ಕೆ ಡಿಸ್ಕ್ರಿಮಿನೇಷನ್ ಮದ್ದೇ ಅಲ್ಲ. ಕಿವಿ ಮುಚ್ಚಿಕೊಂಡರೆ ಸದ್ದು ನಿಂತ ಹಾಗಲ್ಲ. ಉಪ್ಪಿನ ಸಿಗ್ನಲ್ ಒಳಗೆ ಬರ್ತಾನೇ ಇರುತ್ತೆ, ಕೇಳಿಸೋದಿಲ್ಲ ಅಷ್ಟೆ. ಪಕ್ಕದ ಒಳ್ಳೆಯ ಗುರಿಯ ನಂಬರನ್ನೂ ಅದು ಎಳೆದಾಡುತ್ತೆ.

ಹಾಗಾದರೆ ಮಾಡೋದೇನು? ಡಿಸ್ಕ್ರಿಮಿನೇಷನ್ ಅನ್ನು ಕಬ್ಬಿಣ ಮುಗಿಯೋ ಗಡಿಗೆ ತನ್ನಿ, ಅದಕ್ಕಿಂತ ಮೇಲೆ ಬೇಡ. ಗದ್ದಲವನ್ನು ಸೆನ್ಸಿಟಿವಿಟಿಯಿಂದ (ಎಷ್ಟು ಸಣ್ಣ ಸಿಗ್ನಲ್‌ವರೆಗೆ ಯಂತ್ರ ಹಿಡಿಯಬೇಕು ಅನ್ನೋ ಗುಂಡಿ), ಗ್ರೌಂಡ್ ಬ್ಯಾಲೆನ್ಸ್‌ನಿಂದ (ನೆಲದ ಸಿಗ್ನಲ್ ಅನ್ನು ಅಳಿಸೋ ಹೊಂದಾಣಿಕೆ), ಬೀಸುವ ರೀತಿಯಿಂದ ಇಳಿಸಿ.

ಸೆನ್ಸಿಟಿವಿಟಿ ಇಳಿಸಿದರೆ ಆಳ ಹೋಗುತ್ತೆ ಅಂತ ಎಲ್ಲರಿಗೂ ಹೆದರಿಕೆ. ಅಷ್ಟೊಂದು ಹೋಗಲ್ಲ. ಕಾಯಿಲ್‌ನಿಂದ ದೂರ ಹೋದ ಹಾಗೆ ಚಿಕ್ಕ ಗುರಿಯ ಸಿಗ್ನಲ್ ಸುಮಾರು ದೂರದ ಆರನೇ ಘಾತದಷ್ಟು ಬೇಗ ಕುಸಿಯುತ್ತೆ. ತಿರುಗಿಸಿ ಲೆಕ್ಕ ಹಾಕಿ: ಸಿಗ್ನಲ್ ಹಿಡಿಯುವ ಶಕ್ತಿಯನ್ನು ಅರ್ಧ ಮಾಡಿದರೂ ಆಳದಲ್ಲಿ ಕಳೆದುಕೊಳ್ಳೋದು ನೂರಕ್ಕೆ ಹತ್ತು–ಹನ್ನೆರಡರ ಆಸುಪಾಸು. ಗುಂಡಿಯ ಮೇಲಿನ ಅಂಕಿ ನೇರ ಲೆಕ್ಕದಲ್ಲಿರೋದಿಲ್ಲ ಅನ್ನೋದು ಬೇರೆ ಮಾತು, ಆದರೂ ಅಂದಾಜು ಸಿಗುತ್ತಲ್ಲ. ಗದ್ದಲದಲ್ಲಿ ಪೂರ್ತಿ ಸೆನ್ಸಿಟಿವಿಟಿ ಇಟ್ಟುಕೊಂಡು ಆಳದ ಉಂಗುರವನ್ನು ಕೇಳಿಸಿಕೊಳ್ಳದೆ ಹೋಗೋದಕ್ಕಿಂತ, ಎರಡು ಬೆರಳು ಆಳ ಬಿಟ್ಟುಕೊಟ್ಟು ಸ್ಪಷ್ಟವಾಗಿ ಕೇಳೋದು ಲಾಭ.

ಹಳೆಮೊಳೆ:

ಎಲ್ಲಾ ಸರಿ ಸರ್, ಆದರೆ ಕಬ್ಬಿಣ ಬಿಟ್ಟು ಮಿಕ್ಕಿದ್ದನ್ನೆಲ್ಲ ತೋಡಿ ಅಂದರೆ ಜನ ಹವ್ಯಾಸವನ್ನೇ ಬಿಟ್ಟು ಹೋಗ್ತಾರೆ. ಜನ ಓಡಾಡೋ ದಂಡೆಯಲ್ಲಿ ಪುಲ್-ಟ್ಯಾಬ್, ಚಾಕೊಲೇಟ್ ಕಾಗದ, ಬಾಟಲಿ ಮುಚ್ಚಳ ಎಷ್ಟಿರುತ್ತೆ ಗೊತ್ತಲ್ಲ. ನಾನು ಟ್ಯಾಬ್ ಬರುವ ನಂಬರ್‌ಗಳನ್ನು ಮಾತ್ರ ನಾಚ್ ಮಾಡ್ತೀನಿ, ಅಂದರೆ ಅಷ್ಟಕ್ಕೆ ಮಾತ್ರ ಯಂತ್ರ ಕೂಗದ ಹಾಗೆ ಇಡ್ತೀನಿ. ಉಂಗುರಗಳೂ ಸಿಕ್ಕಿವೆ.

ಸುರುಳಿತಂತಿ:

ನಾಚ್ ಮಾಡಿದವರಿಗೂ ಉಂಗುರ ಸಿಗುತ್ತೆ, ನಿಜ. ಉಂಗುರಗಳು ಒಂದೇ ನಂಬರ್‌ನಲ್ಲಿ ಇರಲ್ಲ, ಫಾಯಿಲ್‌ನಿಂದ ಹಿಡಿದು ನಾಣ್ಯದವರೆಗೆ ಹರಡಿಕೊಂಡಿರುತ್ತವೆ. ನೀವು ಕಿಟಕಿ ಮುಚ್ಚಿದ ಕಡೆ ಇದ್ದದ್ದು ಹೋಯ್ತು, ಮಿಕ್ಕಿದ್ದು ಬಂತು. ಸುಮ್ಮನೆ ಹವ್ಯಾಸಕ್ಕೆ ತಿರುಗಾಡುವವರಿಗೆ ಅದು ಒಪ್ಪಬಹುದಾದ ಚೌಕಾಸಿ. ಒಂದು ನಿರ್ದಿಷ್ಟ ಉಂಗುರವನ್ನು ಹುಡುಕುವಾಗ ಅದು ಜೂಜು. ಅಲ್ಲೇ ನಮ್ಮಿಬ್ಬರ ಭಿನ್ನಾಭಿಪ್ರಾಯ.

ಬಾಟಲಿ ಮುಚ್ಚಳದ ವಿಷಯಕ್ಕೆ ಬೇರೆ ಉಪಾಯ ಇದೆ. ಅದು ತಗಡು, ಅಂದರೆ ಕಬ್ಬಿಣ. ಆದರೆ ಚಪ್ಪಟೆ ಮತ್ತು ಗುಂಡಗೆ ಇರೋದರಿಂದ ನಾಣ್ಯದ ನಂಬರ್ ತೋರಿಸಿ ಮೋಸ ಮಾಡುತ್ತೆ. ಡಿಡಿ ಕಾಯಿಲ್ ಆದರೆ ಗುರಿಯ ಮೇಲೆ ಚಿಕ್ಕದಾಗಿ ಬೀಸ್ತಾ ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಿ. ನಾಣ್ಯವಾದರೆ ಸದ್ದು ಸಣ್ಣದಾಗುತ್ತಾ ಅದೇ ಸ್ವರದಲ್ಲಿ ನಿಲ್ಲುತ್ತೆ. ಮುಚ್ಚಳವಾದರೆ ಕಾಯಿಲ್‌ನ ಮೂತಿ ದಾಟುವಾಗ ಗೊರಗೊರ ಅನ್ನುತ್ತೆ, ನಂಬರ್ ಕೆಳಕ್ಕೆ ಬೀಳುತ್ತೆ. ನೂರಕ್ಕೆ ನೂರು ಅಲ್ಲ, ಆದರೆ ತೋಡುವ ಕೆಲಸ ತುಂಬಾ ಕಡಿಮೆಯಾಗುತ್ತೆ.

ಕಿವಿಗೊಟ್ಟವ:

‘ಕಬ್ಬಿಣ ಮುಗಿಯೋ ಗಡಿ’ ಅನ್ನೋ ಮಾತಿಗೆ ಒಂದು ತಿದ್ದುಪಡಿ. ಇತ್ತೀಚಿನ ನಾಣ್ಯಗಳಲ್ಲಿ ಎಷ್ಟೋ ಕಬ್ಬಿಣವೇ! ಭಾರತದ ಒಂದು ರೂಪಾಯಿ 1992ರಿಂದ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್. ಬ್ರಿಟನ್ನಿನ ಒಂದು, ಎರಡು ಪೆನ್ನಿಗಳು 1992ರಲ್ಲೇ ತಾಮ್ರ ಲೇಪಿಸಿದ ಉಕ್ಕಿಗೆ ಬದಲಾದವು. ಯೂರೋದ 1, 2, 5 ಸೆಂಟ್ ಕೂಡ ತಾಮ್ರ ಬಳಿದ ಉಕ್ಕೇ. ಇವು ಕೆಲವು ಯಂತ್ರಗಳಲ್ಲಿ ಕಬ್ಬಿಣ ಅಂತ ತೋರಿಸುತ್ತವೆ, ಕೆಲವದರಲ್ಲಿ ನಂಬರ್ ಕೆಳಗೂ ಮೇಲೂ ಜಿಗಿಯುತ್ತೆ. ನೋಡೋಕೆ ತಾಮ್ರದ ಬಣ್ಣ ಇದೆ ಅಂತ ತಾಮ್ರದ ನಂಬರ್ ಬರಲ್ಲ.

ತಾಮ್ರದಕಾಸು ಅವರೇ, ನಿಮ್ಮ ಜೇಬಲ್ಲಿರೋ ಒಂದೊಂದು ನಾಣ್ಯವನ್ನೂ ಕಾಯಿಲ್ ಮುಂದೆ ಆಡಿಸಿ ನಂಬರ್ ಬರೆದಿಟ್ಟುಕೊಳ್ಳಿ. ಬೇರೆಯವರ ಪಟ್ಟಿ ನಿಮ್ಮ ಯಂತ್ರಕ್ಕೆ ಹೊಂದಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು ಅಳತೆ.

ತಾಮ್ರದಕಾಸು:

ಈಗ ಅರ್ಥ ಆಯ್ತು ಯಾಕೆ ಕೆಲವು ನಾಣ್ಯ ಕಣ್ಣಿಗೆ ಬಿದ್ದರೂ ಯಂತ್ರಕ್ಕೆ ಕೇಳಿಸ್ತಿರಲಿಲ್ಲ ಅಂತ.

ಎರಡು ಪ್ರಶ್ನೆ. ಒದ್ದೆ ಮರಳಲ್ಲಿ ಗ್ರೌಂಡ್ ಬ್ಯಾಲೆನ್ಸ್ ಮಾಡೋದು ಹೇಗೆ? ಆಟೋ ಬಟನ್ ಒತ್ತಿದರೆ ಒಂದೊಂದು ಸಲ ಒಂದೊಂದು ಅಂಕಿ ಬರುತ್ತೆ. ಮತ್ತೆ, ಉಂಗುರದ ನಂಬರ್ ಗೊತ್ತಾಗೋಕೆ ಏನಾದರೂ ದಾರಿ ಇದೆಯಾ?

ಉಪ್ಪುನೀರು:

ಎರಡನೆಯದಕ್ಕೆ ಮೊದಲು ಉತ್ತರ. ಮದುವೆ ಉಂಗುರ ಅಂದ್ರಿ. ಗಂಡನ ಕೈಯಲ್ಲಿ ಜೋಡಿ ಉಂಗುರ ಇದೆಯಾ ಕೇಳಿ. ಅದೇ ಚಿನ್ನ ಆಗಿರುತ್ತೆ, ಗಾತ್ರ ದೊಡ್ಡದಿರಬಹುದು. ಅದನ್ನು ಕಾಯಿಲ್ ಮುಂದೆ ಆಡಿಸಿದರೆ ಮೇಲಿನ ಮಿತಿ ಸಿಗುತ್ತೆ, ಹೆಂಡತಿಯದು ಅದಕ್ಕಿಂತ ಕೆಳಗೆ ಬರುತ್ತೆ. ಅವರ ಹತ್ತಿರ ಅಷ್ಟೇ ಕ್ಯಾರೆಟ್‌ನ, ಅಷ್ಟೇ ತೆಳ್ಳನೆಯ ಬೇರೆ ಉಂಗುರ ಇದ್ದರೆ ಇನ್ನೂ ಒಳ್ಳೇದು. ಗಟ್ಟಿ ದಾರ ಕಟ್ಟಿ ಒದ್ದೆ ಮರಳಲ್ಲಿ ಅರ್ಧ ಗೇಣು ಹೂತು, ಅದರ ಮೇಲೆ ಬೀಸಿ ಕಿವಿಗೆ ರೂಢಿ ಮಾಡಿಕೊಳ್ಳಿ. ದಾರದ ಇನ್ನೊಂದು ತುದಿ ನಿಮ್ಮ ಕಾಲ್ಬೆರಳಿಗೆ ಕಟ್ಟಿಕೊಳ್ಳಿ. ತಮಾಷೆ ಮಾಡ್ತಿಲ್ಲ, ಹುಡುಕೋಕೆ ಬಂದವರೇ ಇನ್ನೊಂದು ಕಳೆದದ್ದೂ ಉಂಟು.

ಉಂಗುರದ ಪಟ್ಟಿ ಎಲ್ಲಾದರೂ ಕತ್ತರಿಸಿ ಬಿಟ್ಟುಕೊಂಡಿದ್ದರೆ ಸಿಗ್ನಲ್ ತುಂಬಾ ಕಡಿಮೆ ಬರುತ್ತೆ, ನೆನಪಿಡಿ. ಸುತ್ತು ಪೂರ್ತಿ ಇದ್ದರೆ ಕರೆಂಟ್ ಉಂಗುರದ ಸುತ್ತ ಹರಿಯುತ್ತೆ, ಕತ್ತರಿಸಿದರೆ ಆ ದಾರಿ ಮುಚ್ಚಿತು. ಚಿನ್ನದ ಸರ ಸಿಗದೇ ಇರೋದಕ್ಕೂ ಇದೇ ಕಾರಣ: ಕೊಂಡಿಗೂ ಕೊಂಡಿಗೂ ಸರಿಯಾದ ಸಂಪರ್ಕ ಇರಲ್ಲ, ಯಂತ್ರಕ್ಕೆ ಅದು ಸರ ಅಲ್ಲ, ಒಂದು ರಾಶಿ ಪುಟಾಣಿ ಕೊಂಡಿಗಳು. ಎಷ್ಟೋ ಸಲ ಕೇಳಿಸೋದು ಕೊಕ್ಕೆ ಮಾತ್ರ.

ಗ್ರೌಂಡ್ ಬ್ಯಾಲೆನ್ಸ್: ಅಲೆ ಬಂದು ಹೋಗುತ್ತಿರುವಾಗ ಮಾಡಬೇಡಿ. ನೀರಿನ ಪದರ ಕ್ಷಣಕ್ಷಣಕ್ಕೂ ಬದಲಾಗುತ್ತೆ, ಅದಕ್ಕೇ ಅಂಕಿ ನಿಲ್ತಿಲ್ಲ. ಅಲೆ ಮುಟ್ಟದ, ಆದರೆ ಚೆನ್ನಾಗಿ ಒದ್ದೆಯಿರುವ ಪಟ್ಟಿ ಹಿಡಿಯಿರಿ. ಕೆಳಗೆ ಲೋಹ ಇಲ್ಲ ಅಂತ ಮೊದಲು ಬೀಸಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕಾಯಿಲ್ ಅನ್ನು ಮರಳಿಗೆ ಸಮವಾಗಿ ಹಿಡಿದು, ಎರಡು ಬೆರಳು ಎತ್ತರದಿಂದ ಒಂದು ಗೇಣಿನವರೆಗೆ ಏರಿಸಿ ಇಳಿಸಿ. ಕೈಯಾರೆ ಸೆಟ್ ಮಾಡೋ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಉಪ್ಪಿಗೆ ಅಂಕಿ ಸಾಮಾನ್ಯವಾಗಿ ತುಂಬಾ ಕೆಳಗೆ ಹೋಗಬೇಕು. ಇಳಿಸುವಾಗಲೂ ಏರಿಸುವಾಗಲೂ ಸದ್ದು ಒಂದೇ ಸಮ ಇದ್ದರೆ ಅದೇ ನಿಮ್ಮ ಜಾಗ.

ಸುರುಳಿತಂತಿ:

ಇದಕ್ಕೆ ಒಂದು ಮಿತಿ ಇದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಒಂದೇ ಫ್ರೀಕ್ವೆನ್ಸಿಯ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ನೆಲವನ್ನು ಅಳಿಸೋಕೆ ಬರುತ್ತೆ. ಕಬ್ಬಿಣದ ಖನಿಜ ಇರುವ ಕಪ್ಪು ಮರಳನ್ನು ಅಳಿಸಿದರೆ ಉಪ್ಪು ಕೂಗುತ್ತೆ, ಉಪ್ಪನ್ನು ಅಳಿಸಿದರೆ ಕಪ್ಪು ಮರಳು ಕೂಗುತ್ತೆ. ಬಿಳಿ ಮರಳಿನ ದಂಡೆಯಾದರೆ ಉಪ್ಪಿಗೆ ಬ್ಯಾಲೆನ್ಸ್ ಮಾಡಿ ಆರಾಮಾಗಿ ಇರಬಹುದು. ಎರಡೂ ಬೆರೆತಿದ್ದರೆ ನಿಮ್ಮ ಯಂತ್ರದಿಂದ ಪೂರ್ತಿ ಶಾಂತಿ ನಿರೀಕ್ಷಿಸಬೇಡಿ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುವ ಯಂತ್ರಗಳು ದಂಡೆಯಲ್ಲಿ ಗೆಲ್ಲೋದು ಇದಕ್ಕೇ. ಉಪ್ಪು ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ರೀತಿ ಉತ್ತರ ಕೊಡುತ್ತೆ, ಅವನ್ನು ಹೋಲಿಸಿ ಎರಡನ್ನೂ ಕಳೆಯಬಹುದು. ಪಲ್ಸ್ ಇಂಡಕ್ಷನ್ ಯಂತ್ರ ಇನ್ನೊಂದು ದಾರಿ: ಕ್ಷೇತ್ರವನ್ನು ಥಟ್ಟನೆ ನಿಲ್ಲಿಸಿ, ಉಪ್ಪಿನ ಸದ್ದು ಸತ್ತ ಮೇಲೆ ಕೇಳಿಸಿಕೊಳ್ಳುತ್ತೆ. ಆಳ ಚೆನ್ನಾಗಿ ಹೋಗುತ್ತೆ, ಆದರೆ ಕಬ್ಬಿಣ ಯಾವುದು ಚಿನ್ನ ಯಾವುದು ಅಂತ ಹೇಳೋದರಲ್ಲಿ ದಡ್ಡ. ತೀರಾ ತೆಳ್ಳನೆಯ ಸರಗಳ ಸದ್ದೂ ಅಷ್ಟರೊಳಗೆ ಸತ್ತಿರುತ್ತೆ.

ಒಂದು ಉಂಗುರಕ್ಕೋಸ್ಕರ ಯಂತ್ರ ಕೊಳ್ಳೋದು ಬೇಡ. ನಿಮ್ಮದರಲ್ಲೇ ಆಗುತ್ತೆ.

ಬೀಸುವ ರೀತಿಯ ಬಗ್ಗೆ ಒಂದು ಮಾತು. ಉಪ್ಪಿನ ಸಿಗ್ನಲ್ ಕಾಯಿಲ್‌ನ ಎತ್ತರಕ್ಕೆ ತಕ್ಕ ಹಾಗೆ ಏರಿಳಿಯುತ್ತೆ. ಹೊಸಬರು ಬೀಸುವಾಗ ಎರಡೂ ತುದಿಯಲ್ಲಿ ಕಾಯಿಲ್ ಮೇಲಕ್ಕೆ ಹೋಗುತ್ತೆ, ಯಂತ್ರ ಆ ಬದಲಾವಣೆಯನ್ನೇ ಗುರಿ ಅಂದ್ಕೊಳ್ಳುತ್ತೆ. ಮರಳಿನಿಂದ ಎರಡು ಬೆರಳು ಎತ್ತರ ಬಿಟ್ಟು, ಆ ಎತ್ತರ ಕದಲದ ಹಾಗೆ, ನಿಧಾನವಾಗಿ ಬೀಸಿ. ನೀರಿನ ಅಂಚಿಗೆ ಸಮಾನಾಂತರವಾಗಿ ನಡೆಯಿರಿ. ಒದ್ದೆಯಿಂದ ಒಣಗಿದ ಕಡೆಗೆ, ಒಣಗಿದ್ದರಿಂದ ಒದ್ದೆಗೆ ಅಡ್ಡಡ್ಡ ನಡೆದರೆ ಪ್ರತಿ ಹೆಜ್ಜೆಗೂ ನೆಲ ಬೇರೆ, ಬ್ಯಾಲೆನ್ಸ್ ಕೆಟ್ಟು ಹೋಗುತ್ತೆ.

ಹಳೆಮೊಳೆ:

ಒದ್ದೆ ಮರಳಲ್ಲೇ ಕಳೆದದ್ದು ಅಂತ ಹೇಗೆ ಗೊತ್ತಾಯ್ತು? ಯಾರಾದರೂ ನೋಡಿದ್ದಾರಾ? ಉಂಗುರ ಕಳೆದವರು ಹೇಳುವ ಜಾಗ ಅಂದರೆ ಅವರಿಗೆ ಕಳೆದಿದೆ ಅಂತ ಗೊತ್ತಾದ ಜಾಗ ಅಷ್ಟೆ. ಬೆರಳಿಗೆ ಎಣ್ಣೆಯೋ ಕ್ರೀಮೋ ಹಚ್ಚಿಕೊಂಡರಾ, ಟವೆಲ್ ಎಲ್ಲಿ ಕೊಡವಿದರು, ಚೀಲದಿಂದ ಏನು ತೆಗೆದರು, ಕೇಳಿ. ಆ ದಿನ ತೆಗೆದ ಫೋಟೋಗಳಿದ್ದರೆ ಇನ್ನೂ ಒಳ್ಳೇದು. ಯಾವ ಫೋಟೋವರೆಗೆ ಬೆರಳಲ್ಲಿ ಉಂಗುರ ಇದೆ, ಯಾವುದರಿಂದ ಇಲ್ಲ ಅಂತ ನೋಡಿದರೆ ಹೊತ್ತೂ ಜಾಗವೂ ಎರಡೂ ಸಿಗುತ್ತೆ.

ಮತ್ತೆ, ಯಾರೂ ಅಲ್ಲಿ ಕೈಯಿಂದ ಕೆದಕೋದು ಬೇಡ ಅಂತ ಹೇಳಿ. ಒಣ ಮರಳಲ್ಲಿ ಉಂಗುರ ಮೇಲೇ ಇರುತ್ತೆ, ಕೆದಕಿದಷ್ಟೂ ಕೆಳಗೆ ಇಳಿಯುತ್ತೆ.

ತಾಮ್ರದಕಾಸು:

ಫೋಟೋ ಉಪಾಯ ಕೆಲಸ ಮಾಡ್ತು! ನೀರಿಗೆ ಇಳಿಯೋ ಮುಂಚಿನ ಒಂದು ಫೋಟೋದಲ್ಲೇ ಬೆರಳು ಖಾಲಿ. ಅಂದರೆ ಒದ್ದೆ ಮರಳಿನ ಪ್ರಶ್ನೆಯೇ ಇಲ್ಲ, ಒಣ ಮರಳಲ್ಲಿ ಕೂತಿದ್ದ ಜಾಗದಲ್ಲೇ ಬಿದ್ದಿರಬೇಕು. ಆ ಜಾಗವನ್ನು ನಾನು 40ರಲ್ಲಿಟ್ಟು ಎಲ್ಲಾ ನೋಡಿ ಮುಗಿಸಿದ್ದೆ. ಗೆಳೆಯನ ಉಂಗುರ ಆಡಿಸಿ ನೋಡಿದೆ, 51–52 ತೋರಿಸುತ್ತೆ. ಇನ್ನೊಂದು ಸಲ ಹೋಗ್ತೀನಿ. ಕಬ್ಬಿಣ ನನ್ನದರಲ್ಲಿ 15ರ ಹತ್ತಿರ ಮುಗಿಯುತ್ತೆ, ಅಲ್ಲಿಗೆ ಇಡ್ತೀನಿ.

ಸುರುಳಿತಂತಿ:

ಒಣ ಮರಳಿಗೆ ಹೋಗಿ ಬ್ಯಾಲೆನ್ಸ್ ಮತ್ತೆ ಮಾಡಿ, ಉಪ್ಪಿನದ್ದು ಹಾಗೇ ಉಳಿಸಬೇಡಿ. ಹಗ್ಗವೋ ಕೋಲೋ ಎಳೆದು ಮರಳಲ್ಲಿ ಗೆರೆ ಹಾಕಿಕೊಂಡು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ನೋಡಿ. ಡಿಡಿ ಕಾಯಿಲ್‌ನಲ್ಲಿ ಹಿಡಿಯುವ ಭಾಗ ಮಧ್ಯದ ಉದ್ದನೆಯ ಪಟ್ಟಿ, ಪ್ರತಿ ಬೀಸಿಗೂ ಅರ್ಧ ಕಾಯಿಲ್‌ನಷ್ಟು ಒಂದರ ಮೇಲೊಂದು ಬರಲಿ. 20ರಿಂದ 52ರ ನಡುವೆ ಬಂದದ್ದನ್ನೆಲ್ಲ ತೆಗೆಯಿರಿ. ಉಂಗುರ ಲಂಬವಾಗಿ ನಿಂತಿದ್ದರೆ ಒಂದೇ ಗುರಿಗೆ ಎರಡು ಬೀಪ್ ಬರಬಹುದು, ಅದನ್ನು ಕಸ ಅಂತ ಬಿಡಬೇಡಿ.

ಪಿನ್‌ಪಾಯಿಂಟ್ ಬಟನ್ (ಗುರಿ ಇರೋ ಸರಿಯಾದ ಜಾಗ ತೋರಿಸೋದು) ಅನ್ನು ಕಾಯಿಲ್ ಗುರಿಯ ಮೇಲೇ ಇರುವಾಗ ಒತ್ತಬೇಡಿ. ಸ್ವಲ್ಪ ಪಕ್ಕದಲ್ಲಿ ಒತ್ತಿ ಹಿಡಿದು ಗುರಿಯ ಮೇಲೆ ತನ್ನಿ.

ಕಿವಿಗೊಟ್ಟವ:

ಈ ಚರ್ಚೆ ಓದುವ ಮಿಕ್ಕವರಿಗೂ ಒಂದು ಮಾತು. ಜಾಗ ಯಾರದ್ದೋ ಅವರ ಅನುಮತಿ ಮೊದಲು. ರಕ್ಷಿತ ಸ್ಮಾರಕ, ಪುರಾತತ್ವದ ಜಾಗಗಳ ಹತ್ತಿರವೂ ಸುಳಿಯಬೇಡಿ. ದಂಡೆಗಳಿಗೂ ಅಲ್ಲಲ್ಲಿ ಬೇರೆ ಬೇರೆ ನಿಯಮ ಇರುತ್ತೆ. ತೋಡಿದ ಗುಂಡಿ ಮುಚ್ಚಿ, ಸಿಕ್ಕಿದ ಕಸವನ್ನು ಅಲ್ಲೇ ಎಸೆಯದೆ ಜೊತೆಗೆ ತನ್ನಿ. ಮದ್ದುಗುಂಡಿನ ಹಾಗೆ ಏನಾದರೂ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಿ.

ತಾಮ್ರದಕಾಸು:

ಸಿಕ್ಕಿತು!! ಟವೆಲ್ ಹಾಸಿದ್ದ ಜಾಗದಿಂದ ಎರಡು ಮಾರು ಆಚೆ, ಬೆರಳುದ್ದದ ಆಳದಲ್ಲಿ. ನಂಬರ್ 37–38, ಯಾವ ಕಡೆಯಿಂದ ಬೀಸಿದರೂ ಕದಲಲಿಲ್ಲ. ಅದಕ್ಕೂ ಮುಂಚೆ ಫಾಯಿಲ್ ಚೂರುಗಳು, ಪುಲ್-ಟ್ಯಾಬ್‌ಗಳು, ಒಂದು ಜಿಪ್ಪಿನ ತುಂಡು ಎಲ್ಲಾ ಬಂದವು. ಹಳೆಮೊಳೆ ಅವರ ನೋವು ಅರ್ಥ ಆಯ್ತು. ಗೆಳೆಯನ ಮನೆಯವರು ನಿಮಗೆಲ್ಲ ಕೃತಜ್ಞತೆ ಹೇಳಿದ್ದಾರೆ.

ಒದ್ದೆ ಮರಳನ್ನೂ ಆಮೇಲೆ ಪ್ರಯತ್ನಿಸಿದೆ. ಕೈಯಾರೆ ಬ್ಯಾಲೆನ್ಸ್ ಮಾಡಿ, ಸೆನ್ಸಿಟಿವಿಟಿ ಮುಕ್ಕಾಲಿಗಿಂತ ಕಡಿಮೆ ಮಾಡಿದೆ. ಡಿಸ್ಕ್ರಿಮಿನೇಷನ್ 15ರಲ್ಲೇ ಇದ್ದರೂ ನಡೆಯೋಕೆ ಆಗುವಷ್ಟು ಸುಮ್ಮನಾಯ್ತು. ಅಲೆ ಕಾಲಿಗೆ ತಾಗಿದಾಗ ಮಾತ್ರ ಕೂಗುತ್ತೆ.

ಉಪ್ಪುನೀರು:

ಭೇಷ್. ಅಲೆ ತಾಗುವಾಗ ಕೂಗೋದು ನಿಮ್ಮ ಯಂತ್ರದಲ್ಲಿ ಹೋಗಲ್ಲ, ಅಲೆ ಹಿಂದೆ ಸರಿಯೋವರೆಗೆ ಬೀಸೋದು ನಿಲ್ಲಿಸಿ ನಿಂತುಕೊಳ್ಳಿ.

ಹಳೆಮೊಳೆ:

37! ನನ್ನ ನಾಚ್‌ನಲ್ಲಿ ಅದು ಉಳಿಯುತ್ತಿತ್ತು ಅಂತ ಹೇಳಿಕೊಳ್ಳಲಾ ಬೇಡವಾ? 🙂 ಇರಲಿ, ಅವರ ಗಂಡನ 52 ಆಗಿದ್ದರೆ ಟ್ಯಾಬ್ ಜೊತೆ ಹೋಗಿರುತ್ತಿತ್ತು, ಅದನ್ನೂ ಒಪ್ಪಿಕೊಳ್ತೀನಿ.

ದಂಡೆಯಲ್ಲಿ ಸಿಕ್ಕಿದ ಹಳೇ ನಾಣ್ಯಗಳಿದ್ದರೆ ಉಜ್ಜಬೇಡಿ. ಸಿಹಿನೀರಲ್ಲಿ ನೆನೆಸಿಡಿ, ನೀರು ಬದಲಿಸ್ತಾ ಇರಿ, ಉಪ್ಪು ಬಿಡಲಿ. ಬೂದಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಒಮ್ಮೆ ಗೀರು ಬಿದ್ದರೆ ಸಂಗ್ರಹಕಾರರು ತಿರುಗಿಯೂ ನೋಡಲ್ಲ.

ತಾಮ್ರದಕಾಸು:

ಸರಿ, ಹಾಗೇ ಮಾಡ್ತೀನಿ. ಕೊನೆಯದಾಗಿ ಒಂದು, ಕಾಯಿಲ್ ಕವರ್ ಹಾಕಿಕೊಳ್ಳದೇ ದಂಡೆಗೆ ಹೋಗಬಹುದಾ? ಪ್ರತಿ ಸಲ ಮರಳು ಸೇರುತ್ತೆ.

ಸುರುಳಿತಂತಿ:

ಕವರ್ ಬಿಡಬೇಡಿ. ಮರಳು ಕಾಯಿಲ್‌ನ ತಳವನ್ನು ಸವೆಸುತ್ತೆ, ಬಿರುಕು ಬಿಟ್ಟು ನೀರು ಒಳಗೆ ಹೋದರೆ ಕಾಯಿಲ್ ಅಲ್ಲಿಗೆ ಮುಗೀತು. ಅಂಚಿನ ಸುತ್ತ ಎಲೆಕ್ಟ್ರಿಕಲ್ ಟೇಪ್ ಸುತ್ತುವವರಿದ್ದಾರೆ, ಪೂರ್ತಿ ನಿಲ್ಲದಿದ್ದರೂ ಮರಳು ಬಹಳಷ್ಟು ತಡೆಯುತ್ತೆ. ಮನೆಗೆ ಬಂದ ದಿನವೇ ಕವರ್ ಬಿಚ್ಚಿ, ಕಾಯಿಲ್ ಮತ್ತು ಕೋಲಿನ ಕೆಳಭಾಗವನ್ನು ಸಿಹಿನೀರಲ್ಲಿ ತೊಳೆಯಿರಿ. ಕಂಟ್ರೋಲ್ ಬಾಕ್ಸ್ ಜಲನಿರೋಧಕ ಅಂತ ಮ್ಯಾನ್ಯುಯಲ್‌ನಲ್ಲಿ ಇಲ್ಲದಿದ್ದರೆ ಅದಕ್ಕೆ ನಲ್ಲಿ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಎರಡೂ ಪೂರ್ತಿ ಒಣಗಿದ ಮೇಲೆ ಕವರ್ ಹಾಕಿ.